ಒಂದಕ್ಕೆ ಏಳು ಬರುತ್ತೆ ಅಂತ ಮೊದಲೇ ಹೇಳಿದರೆ ನಂಬಬಹುದಾ?

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಆರು ತಿಂಗಳು ಕೆಲಸ ಕಲಿಸುತ್ತೇವೆ. ಪ್ರತಿ ಬ್ಯಾಚಿಗೂ ಸೀಟಿಗಿಂತ ಅರ್ಜಿಗಳೇ ಜಾಸ್ತಿ. ಅನುದಾನ ಕೇಳಲು ಹೋದರೆ ‘ನಿಮ್ಮ ಕೆಲಸದಿಂದ ಆಗಿರುವ ಆರ್ಥಿಕ ಪರಿಣಾಮದ ವರದಿ ತನ್ನಿ’ ಎಂದರು. ಒಂದು ಸಂಶೋಧನಾ ಕಂಪನಿಯನ್ನು ವಿಚಾರಿಸಿದೆವು. ಮೂರು ತಿಂಗಳಲ್ಲಿ ವರದಿ ಕೊಡುತ್ತೇವೆ, ‘ಒಂದು ಹಾಕಿದರೆ ಸಮಾಜಕ್ಕೆ ಏಳು ವಾಪಸ್’ ಎಂದು ತೋರಿಸಬಹುದು ಎಂದರು. ಕಮಿಟಿಯಲ್ಲಿ ಕೆಲವರಿಗೆ ಖುಷಿಯೋ ಖುಷಿ. ನನಗೆ ಅನುಮಾನ. ನಾವೇ ದುಡ್ಡು ಕೊಟ್ಟು ಮಾಡಿಸಿದ ಅಧ್ಯಯನಕ್ಕೆ ಬೆಲೆ ಇರುತ್ತಾ? ಮಾಡಿಸುವುದಾದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಇದು ಅದೇ. ಆ ಕಂಪನಿಯವರು ನಿಮ್ಮ ಒಬ್ಬ ವಿದ್ಯಾರ್ಥಿಯನ್ನೂ ಮಾತಾಡಿಸಿಲ್ಲ. ಒಂದು ರಿಜಿಸ್ಟರನ್ನೂ ತೆರೆದು ನೋಡಿಲ್ಲ. ಆಗಲೇ ಉತ್ತರ ಏಳು ಅಂತ ಗೊತ್ತಾಗಿಬಿಟ್ಟಿದೆ.

ಹಾಗಂತ ದುಡ್ಡು ಕೊಟ್ಟು ಮಾಡಿಸಿದ್ದೆಲ್ಲ ಸುಳ್ಳು ಅಂದುಕೊಳ್ಳಬೇಡಿ. ನಾನು ಹೊಟ್ಟೆ ಹೊರೆಯುವುದೇ ಇಂಥ ಅಧ್ಯಯನಗಳಿಂದ. ಹಾಗಾಗಿ ನನ್ನ ಮಾತನ್ನೂ ಸ್ವಲ್ಪ ಕಡಿತ ಮಾಡಿಯೇ ಓದಿಕೊಳ್ಳಿ. ಸರ್ಕಾರದ ಯೋಜನೆಗಳ ಮೇಲೆ ನಡೆಯುವ ಬಹಳಷ್ಟು ಸಂಶೋಧನೆಯನ್ನು ಯಾರೋ ಒಬ್ಬರು ಕೇಳಿ, ದುಡ್ಡು ಕೊಟ್ಟು ಮಾಡಿಸಿರುತ್ತಾರೆ. ಉಂಡ ಮನೆಯ ಗಳ ಎಣಿಸಬಾರದು ಅನ್ನೋದು ಲೋಕದ ಮಾತು. ನಮ್ಮ ಕಸುಬೇ ಗಳ ಎಣಿಸುವುದು. ಎಣಿಸಲು ಬಿಡುತ್ತಾರಾ, ಎಣಿಸಿದ್ದನ್ನು ಹೊರಗೆ ಹೇಳಲು ಬಿಡುತ್ತಾರಾ, ಪ್ರಶ್ನೆ ಅಷ್ಟೇ. ಇದು ವರದಿ ಬರೆಯುವಾಗ ತೀರ್ಮಾನ ಆಗುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವ ದಿನವೇ ಆಗಿಹೋಗಿರುತ್ತದೆ.

ಒಂದು ನಿಜವಾದ ಕಥೆ ಹೇಳುತ್ತೇನೆ. 2011ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಗಲಭೆಗಳಾದವು. ಅದರ ಬೆನ್ನಿಗೇ, 2012ರಲ್ಲಿ, ಸರ್ಕಾರ ‘ಟ್ರಬಲ್ಡ್ ಫ್ಯಾಮಿಲೀಸ್’ ಅನ್ನುವ ಕಾರ್ಯಕ್ರಮ ತಂದಿತು. ಮಕ್ಕಳು ಶಾಲೆಗೆ ಹೋಗದ, ಪೊಲೀಸರ ಕಾಟ ತಪ್ಪದ, ದೊಡ್ಡವರಿಗೆ ಕೆಲಸವಿಲ್ಲದ ಸುಮಾರು 1,20,000 ಕುಟುಂಬಗಳನ್ನು ಹುಡುಕಿ, ಒಂದೊಂದು ಮನೆಗೂ ಒಬ್ಬ ಕಾರ್ಯಕರ್ತರನ್ನು ಹಚ್ಚುವುದು. ಖರ್ಚು 448 ಮಿಲಿಯನ್ ಪೌಂಡ್. ಸ್ಥಳೀಯ ಕೌನ್ಸಿಲ್‌ಗಳಿಗೆ ಒಂದು ಕುಟುಂಬ ‘ದಾರಿಗೆ ಬಂದರೆ’ 4,000 ಪೌಂಡ್‌ವರೆಗೆ ಹಣ.

2015ರ ಹೊತ್ತಿಗೆ ಸರ್ಕಾರ ಲೆಕ್ಕ ಕೊಟ್ಟಿತು. 1,17,910 ಕುಟುಂಬಗಳಲ್ಲಿ 1,16,654 ದಾರಿಗೆ ಬಂದಿವೆ. ಅಂದರೆ ಶೇ. 99! ಬೊಕ್ಕಸಕ್ಕೆ 1.2 ಬಿಲಿಯನ್ ಪೌಂಡ್ ಉಳಿದಿದೆ ಎಂದೂ ಹೇಳಿಕೊಂಡರು.

ಅದೇ ಇಲಾಖೆ ಅದೇ ಕಾರ್ಯಕ್ರಮದ ಮೇಲೆ ಹೊರಗಿನವರಿಂದ ಒಂದು ಮೌಲ್ಯಮಾಪನವನ್ನೂ ಮಾಡಿಸುತ್ತಿತ್ತು. ಅದರ ಫಲ 2016ರ ಅಕ್ಟೋಬರ್‌ವರೆಗೂ ಪ್ರಕಟವಾಗಲಿಲ್ಲ. ಅದಕ್ಕೂ ಮೊದಲೇ, ಆಗಸ್ಟಿನಲ್ಲಿ, ಬಿಬಿಸಿಯಲ್ಲಿ ಸುದ್ದಿ ಸೋರಿತ್ತು. ಕಾರ್ಯಕ್ರಮಕ್ಕೆ ಸೇರಿದ ಕುಟುಂಬಗಳನ್ನು ಅಂಥದ್ದೇ ಸ್ಥಿತಿಯಲ್ಲಿದ್ದು ಸೇರದೇ ಇದ್ದ ಕುಟುಂಬಗಳ ಪಕ್ಕದಲ್ಲಿಟ್ಟು ನೋಡಿದಾಗ, ಒಂದು ಒಂದೂವರೆ ವರ್ಷದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಕೆಲಸದಲ್ಲೂ ಇಲ್ಲ, ಶಾಲೆ ಹಾಜರಿಯಲ್ಲೂ ಇಲ್ಲ, ಅಪರಾಧದಲ್ಲೂ ಇಲ್ಲ.

ಶೇ. 99 ಒಂದು ಕಡೆ, ಹೆಚ್ಚುಕಡಿಮೆ ಸೊನ್ನೆ ಇನ್ನೊಂದು ಕಡೆ. ಯಾರೂ ಕಳ್ಳ ಲೆಕ್ಕ ಬರೆಯದೇ ಇದ್ದರೂ ಇದು ಸಾಧ್ಯ ಅನ್ನುವುದೇ ಇದರ ಸ್ವಾರಸ್ಯ. ಒಂದು ಕುಟುಂಬ ಇಂಥ ಪಟ್ಟಿಗೆ ಸೇರುವುದು ಅದರ ಅತಿ ಕೆಟ್ಟ ಕಾಲದಲ್ಲಿ. ಜ್ವರ ನೆತ್ತಿಗೇರಿದಾಗ ತಾನೇ ಡಾಕ್ಟರ ಹತ್ತಿರ ಓಡುತ್ತೇವೆ? ಮಾತ್ರೆ ತಗೊಳ್ಳದಿದ್ದರೂ ನಾಲ್ಕು ದಿನಕ್ಕೆ ಸ್ವಲ್ಪ ಇಳಿಯುತ್ತಿತ್ತು. ಕೆಲಸ ಕಳೆದುಕೊಂಡವರಲ್ಲಿ ಕೆಲವರಿಗೆ ವರ್ಷದೊಳಗೆ ಇನ್ನೊಂದು ಕೆಲಸ ಹೇಗೂ ಸಿಗುತ್ತದೆ. ‘ಮೊದಲು ಹೀಗಿತ್ತು, ಈಗ ಹೀಗಾಗಿದೆ’ ಎಂದು ಬರೀ ಮುಂಚೆ-ಆಮೇಲೆ ನೋಡಿದರೆ ಇಳಿದ ಜ್ವರವೆಲ್ಲ ಮಾತ್ರೆಯ ಖಾತೆಗೆ ಜಮೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದ ಹಾಗೆ. ಮೇಲಿಂದ ತಲೆಗಿಷ್ಟು ಅಂತ ಹಣ ಬೇರೆ ಸಿಗುತ್ತಿತ್ತು. ದಾರಿಗೆ ಬಂದವರನ್ನು ಎಣಿಸಲು ಯಾರು ತಾನೇ ಮರೆಯುತ್ತಾರೆ?

ಈ ಕಥೆಗೆ ಎರಡನೇ ಭಾಗವೂ ಇದೆ, ಅದನ್ನು ಬಿಟ್ಟರೆ ಅನ್ಯಾಯ. 2015ರಿಂದ ಅದೇ ಕಾರ್ಯಕ್ರಮ ಬದಲಾದ ರೂಪದಲ್ಲಿ ಮುಂದುವರಿಯಿತು. ಈ ಸಲ ಡೇಟಾ ಕೂಡಿಸುವ ವ್ಯವಸ್ಥೆಯನ್ನೂ ಸರಿಮಾಡಿಕೊಂಡರು. 2019ರಲ್ಲಿ ಬಂದ ಮೌಲ್ಯಮಾಪನದಲ್ಲಿ, ಹೋಲಿಕೆಯ ಗುಂಪಿಗಿಂತ ಈ ಕುಟುಂಬಗಳಲ್ಲಿ ಮಕ್ಕಳನ್ನು ಮನೆಯಿಂದ ತೆಗೆದು ಸರ್ಕಾರದ ಆರೈಕೆಗೆ ಒಯ್ಯುವುದು ಸುಮಾರು ಮೂರನೇ ಒಂದರಷ್ಟು ಕಡಿಮೆ ಕಂಡಿತು. ಅದರ ಮೇಲೆ ಹಾಕಿದ ಲೆಕ್ಕ: ಒಂದು ಪೌಂಡ್ ಖರ್ಚಿಗೆ 2.28 ಪೌಂಡ್ ಲಾಭ. ಅದರಲ್ಲಿ ಸರ್ಕಾರದ ಪಾಲಿಗೆ 1.51.

ಈ 2.28 ನನಗೆ ಇಷ್ಟ. ಏಳರ ಹಾಗೆ ಮಿಂಚುವುದಿಲ್ಲ. ಆದರೆ ಹೋಲಿಕೆ ಗುಂಪು ಇಟ್ಟುಕೊಂಡು ಬಂದದ್ದು, ಯಾರ ಪಾಲು ಎಷ್ಟು ಎಂದು ಬಿಡಿಸಿಟ್ಟದ್ದು. ಇದರಲ್ಲೂ ಒಂದು ಮಾತು ಗಮನಿಸಿ. 1.51 ಪೌಂಡ್ ಉಳಿಯಿತು ಅಂದರೆ ಅಷ್ಟು ನೋಟು ಖಜಾನೆಗೆ ಬಂದು ಬಿತ್ತು ಅಂತ ಅಲ್ಲ. ಪೊಲೀಸರ ಹತ್ತು ಗಂಟೆ ಉಳಿದರೆ ಆ ಹತ್ತು ಗಂಟೆಯನ್ನು ಅವರು ಬೇರೆ ಕೆಲಸಕ್ಕೆ ಹಾಕುತ್ತಾರೆ. ಸಂಬಳವೇನೂ ನಿಲ್ಲುವುದಿಲ್ಲ. ಹಣಕಾಸು ಇಲಾಖೆಯಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ‘ಉಳಿತಾಯ ಆಯಿತು ಅಂತೀರಲ್ಲ, ಎಲ್ಲಿದೆ?’ ಅಂತ ಕೇಳಿಯೇ ಕೇಳುತ್ತಾರೆ.

ಈಗ ನಿಮ್ಮ ಏಳಕ್ಕೆ ಬರೋಣ. ನಿಮ್ಮ ಕಂಪನಿಯವರು ಎಲ್ಲಿಂದ ತಂದರೋ, ಅದನ್ನು ಅವರನ್ನೇ ಕೇಳಬೇಕು. ಆದರೆ ನಮ್ಮ ವಲಯದಲ್ಲಿ ಏಳು ಬಹಳ ಪ್ರಸಿದ್ಧ ಸಂಖ್ಯೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿಯಲ್ಲಿ 1962ರಲ್ಲಿ ಪೆರಿ ಪ್ರಿಸ್ಕೂಲ್ ಅಂತ ಒಂದು ಪ್ರಯೋಗ ಶುರುವಾಯಿತು. ಬಡ ಕುಟುಂಬಗಳ 123 ಮಕ್ಕಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 58 ಮಕ್ಕಳಿಗೆ ಒಳ್ಳೆಯ ಶಿಶುಶಾಲೆ, 65 ಮಕ್ಕಳಿಗೆ ಇಲ್ಲ. ಆಮೇಲೆ ದಶಕಗಟ್ಟಲೆ ಅವರ ಬೆನ್ನು ಹತ್ತಿದರು. ಅವರಿಗೆ 27 ವರ್ಷ ಆದಾಗ ಹಾಕಿದ ಲೆಕ್ಕದಲ್ಲಿ ಒಂದು ಡಾಲರಿಗೆ 7.16 ಡಾಲರ್ ಲಾಭ ಬಂತು. 40 ವರ್ಷದ ಲೆಕ್ಕದಲ್ಲಿ ಅದು 16ರ ಹತ್ತಿರ ಹೋಯಿತು. ಆಮೇಲೆ 2010ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಜೊತೆಗಾರರು ಮತ್ತೆ ಲೆಕ್ಕ ಹಾಕಿ, ವರ್ಷಕ್ಕೆ ಶೇ. 7ರಿಂದ 10ರಷ್ಟು ಪ್ರತಿಫಲ ಎಂದರು. ಏಳು ಪಟ್ಟು ಬೇರೆ, ವರ್ಷಕ್ಕೆ ಶೇ. 7 ಬೇರೆ. ಎರಡನ್ನೂ ಕಲಸಿಬಿಟ್ಟ ಪ್ರಸ್ತಾವನೆಗಳನ್ನು ನಾನು ಓದಿದ್ದೇನೆ, ನಗು ಬರುತ್ತದೆ.

ಆ ಲಾಭ ಎಲ್ಲಿಂದ ಬಂತು ಅನ್ನುವುದು ಇನ್ನೂ ಮುಖ್ಯ. 40 ವರ್ಷದ ಲೆಕ್ಕದಲ್ಲಿ ಸಾರ್ವಜನಿಕರಿಗೆ ಸಿಕ್ಕ ಲಾಭದ ಶೇ. 88ರಷ್ಟು ಬಂದದ್ದು ಅಪರಾಧ ಕಡಿಮೆಯಾದದ್ದರಿಂದ. ಅಂದರೆ ಆ ಕಾಲದ, ಆ ಊರಿನ, ಜೈಲು ಕೋರ್ಟುಗಳಿಗೆ ಅಷ್ಟೊಂದು ಖರ್ಚು ಮಾಡುವ ಆ ದೇಶದ ಸಂಖ್ಯೆ ಅದು. 123 ಪುಟ್ಟ ಮಕ್ಕಳ ಶಿಶುಶಾಲೆಯ ಫಲವನ್ನು ಆರು ತಿಂಗಳು ಕೆಲಸ ಕಲಿಸುವ ನಿಮ್ಮ ಸಂಸ್ಥೆಗೆ ಅಂಟಿಸಿದರೆ ಏನರ್ಥ? ಪಕ್ಕದ ಮನೆಯವರ ಎಕ್ಸ್‌ರೇ ತೋರಿಸಿ ನನ್ನ ಮೂಳೆ ಗಟ್ಟಿ ಇದೆ ಎಂದ ಹಾಗೆ.

ಇಂಥ ಅನುಪಾತಗಳು ಹೇಗೆ ಉಬ್ಬುತ್ತವೆ ಅಂತ ತಿಳಿದಿದ್ದರೆ ವರದಿ ಓದುವುದು ಸುಲಭ. ನಿಮ್ಮದೇ ಉದಾಹರಣೆ ತಗೊಳ್ಳೋಣ, ಸಂಖ್ಯೆ ಸುಮ್ನೆ ಊಹೆಯವು. ನೀವು 100 ಜನಕ್ಕೆ ಕಲಿಸಿದಿರಿ. ವರ್ಷದ ಮೇಲೆ 60 ಜನ ಕೆಲಸದಲ್ಲಿದ್ದಾರೆ. ವರದಿಯಲ್ಲಿ ‘60 ಉದ್ಯೋಗ ಸೃಷ್ಟಿ’ ಅಂತ ದಪ್ಪಕ್ಷರದಲ್ಲಿ ಬರುತ್ತದೆ. ಆದರೆ ನಿಮ್ಮಲ್ಲಿಗೆ ಬಾರದೇ ಇದ್ದ ಅಂಥದ್ದೇ 100 ಜನರಲ್ಲಿ 45 ಜನ ತಾವೇ ಕೆಲಸ ಹುಡುಕಿಕೊಂಡಿದ್ದರೆ? ಆಗ ನಿಮ್ಮಿಂದ ಆದದ್ದು 15. ನಿಮ್ಮ ಇಡೀ ಖರ್ಚನ್ನು 60ರಿಂದ ಭಾಗಿಸಬಾರದು, 15ರಿಂದ ಭಾಗಿಸಬೇಕು. ಇನ್ನೂ ಇದೆ. ಆ 15 ಜನಕ್ಕೆ ಸಿಕ್ಕ ಕೆಲಸಗಳಲ್ಲಿ ಕೆಲವು ಇನ್ಯಾರಿಗೋ ಸಿಗುತ್ತಿದ್ದವೇನೋ. ನಿಮ್ಮ ಹುಡುಗ ಒಳಗೆ ಹೋದ, ಇನ್ನೊಬ್ಬ ಹುಡುಗ ಹೊರಗೆ ಉಳಿದ. ಸಮಾಜದ ಲೆಕ್ಕದಲ್ಲಿ ಅದು ಪೂರ್ತಿ ಲಾಭ ಅಲ್ಲ. ಜೊತೆಗೆ ಸರ್ಕಾರದ್ದೇ ಇನ್ನೊಂದು ಯೋಜನೆಯಲ್ಲೂ ಅವನ ಹೆಸರಿದ್ದರೆ, ಇಬ್ಬರೂ ಅವನನ್ನು ಪೂರ್ತಿ ತಮ್ಮ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.

ಆಮೇಲೆ ‘ಮಲ್ಟಿಪ್ಲಯರ್’. ಆ ಹುಡುಗನ ಸಂಬಳ ಅಂಗಡಿಗೆ ಹೋಯಿತು, ಅಂಗಡಿಯವನು ಇನ್ನೊಬ್ಬನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ. ಹೀಗೆ ಒಂದು ರೊಟ್ಟಿಯನ್ನು ಮೂರು ಸಲ ಬಡಿಸುವುದು. ಇದು ಪೂರ್ತಿ ಸುಳ್ಳಲ್ಲ, ಆದರೆ ಅದೇ ದುಡ್ಡನ್ನು ಬೇರೆ ಯಾವುದಕ್ಕೆ ಹಾಕಿದ್ದರೂ ಹೀಗೇ ಸುತ್ತುತ್ತಿತ್ತಲ್ಲ? ದೊಡ್ಡ ಕ್ರೀಡಾಂಗಣಗಳಿಗೆ ಸರ್ಕಾರದ ಹಣ ಕೇಳುವಾಗ ಬರುವ ವರದಿಗಳು ಈ ವಿದ್ಯೆಯಲ್ಲಿ ಪಳಗಿದವು. ಜನ ಪಂದ್ಯಕ್ಕೆ ಹಾಕಿದ ದುಡ್ಡನ್ನು ಪೂರಾ ಎಣಿಸುತ್ತಾರೆ. ಅದೇ ಜನ ಆ ಸಂಜೆ ಸಿನಿಮಾಕ್ಕೋ ಹೋಟೆಲಿಗೋ ಹೋಗದೇ ಉಳಿದದ್ದನ್ನು ಕಳೆಯುವುದೇ ಇಲ್ಲ. ಸ್ವತಂತ್ರವಾಗಿ ನೋಡಿದ ಅರ್ಥಶಾಸ್ತ್ರಜ್ಞರಿಗೆ ಹೇಳಿದಷ್ಟು ಲಾಭ ಕಂಡದ್ದು ತೀರಾ ಅಪರೂಪ.

ಕೊನೆಗೆ ಕಾಲದ ಲೆಕ್ಕ. ಇಪ್ಪತ್ತು ವರ್ಷದ ಆಚೆ ಬರುವ 100, ಇವತ್ತಿನ ಬೆಲೆಯಲ್ಲಿ ಎಷ್ಟು? ವರ್ಷಕ್ಕೆ ಶೇ. 3ರ ಬಡ್ಡಿಯ ಲೆಕ್ಕದಲ್ಲಿ ಹಿಂದಕ್ಕೆ ಇಳಿಸುತ್ತಾ ಬಂದರೆ 55. ಶೇ. 7ರಂತೆ ಮಾಡಿದರೆ 26. ಎರಡೂ ಗಣಿತ ಸರಿ. ಅನುಬಂಧದ ಯಾವುದೋ ಮೂಲೆಯಲ್ಲಿ ಒಂದು ಸಂಖ್ಯೆ ಬದಲಾದರೆ ಮುಖಪುಟದ ಏಳು ಮೂರೂವರೆ ಆಗಬಹುದು. ಅದಕ್ಕೇ ನಾನು ವರದಿಯನ್ನು ಹಿಂದಿನಿಂದ ಓದುತ್ತೇನೆ.

ಪ್ರಶ್ನೆ ಕೇಳುವ ರೀತಿಯಲ್ಲೇ ಉತ್ತರ ಅಡಗಿರುತ್ತದೆ ಅನ್ನುವುದಕ್ಕೆ ಅಮೆರಿಕದ ಸಿಯಾಟಲ್ ನಗರ ಒಳ್ಳೆಯ ಉದಾಹರಣೆ. ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರಿಗೆ ಏರಿಸುವ ಕಾನೂನನ್ನು ಆ ನಗರ 2014ರಲ್ಲಿ ಮಾಡಿತು. ಅದರ ಪರಿಣಾಮ ನೋಡಲು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ನಗರವೇ ಹಣ ಕೊಟ್ಟಿತು. 2017ರ ಜೂನ್‌ನಲ್ಲಿ ಆ ತಂಡ, ಕಡಿಮೆ ಕೂಲಿಯ ಕೆಲಸಗಳಲ್ಲಿ ಗಂಟೆಗಳು ಕಡಿಮೆಯಾಗಿ ತಿಂಗಳ ಸಂಪಾದನೆಯೇ ಇಳಿದಿದೆ ಎಂದಿತು. ಅದಕ್ಕೆ ಕೆಲವೇ ದಿನ ಮುಂಚೆ ಬರ್ಕ್ಲಿ ವಿಶ್ವವಿದ್ಯಾಲಯದ ಇನ್ನೊಂದು ತಂಡ, ಕೂಲಿ ಏರಿದೆ, ಉದ್ಯೋಗ ಇಳಿದಿಲ್ಲ ಎಂದಿತ್ತು. ಜನ ‘ಯಾರು ಯಾರಿಗೆ ಮಾರಿಕೊಂಡರು’ ಎಂದು ಜಗಳಕ್ಕೆ ಬಿದ್ದರು. ಬರ್ಕ್ಲಿಯವರು ನೋಡಿದ್ದು ಹೋಟೆಲ್ ಕೆಲಸಗಾರರನ್ನು ಮಾತ್ರ. ವಾಷಿಂಗ್ಟನ್ ತಂಡದವರು ನೋಡಿದ್ದು ಎಲ್ಲ ಕಸುಬಿನ ಕಡಿಮೆ ಕೂಲಿಯವರನ್ನು, ಆದರೆ ಹಲವು ಕಡೆ ಶಾಖೆ ಇರುವ ಕಂಪನಿಗಳನ್ನು ಬಿಟ್ಟು. ಉತ್ತರ ಬೇರೆ ಬರದೇ ಇನ್ನೇನು? ನನಗೆ ಮೆಚ್ಚಿಗೆಯಾದದ್ದು ಆಮೇಲಿನದು. ಮೊದಲು ತಿಂಗಳಿಗೆ 125 ಡಾಲರ್ ನಷ್ಟ ಎಂದಿದ್ದ ವಾಷಿಂಗ್ಟನ್ ತಂಡ, ಟೀಕೆಗಳನ್ನೆಲ್ಲ ಕೇಳಿಕೊಂಡು, ಆಮೇಲೆ ತಿದ್ದಿ ಹೊರತಂದ ಪ್ರತಿಯಲ್ಲಿ ಅದನ್ನು 74ಕ್ಕೆ ಇಳಿಸಿತು. ತಮ್ಮ ಸಂಖ್ಯೆಯನ್ನು ತಾವೇ ತಗ್ಗಿಸುವವರನ್ನು ನಂಬಬಹುದು.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಈ ಕಸುಬಿಗೆ ಹೊಸಬನಾಗಿದ್ದಾಗ ಮಹಿಳೆಯರಿಗೆ ಹೊಲಿಗೆ ತರಬೇತಿ ಕೊಡುವ ಒಂದು ಯೋಜನೆಯ ಮೇಲೆ ಅಧ್ಯಯನ ಮಾಡಿದೆ. ಮನೆಮನೆಗೆ ಹೋಗಿ ನೋಡಿದರೆ ಬಹಳ ಕಡೆ ಯಂತ್ರದ ಮೇಲೆ ಬಟ್ಟೆ ಒಣಗುತ್ತಿತ್ತು. ಕಲಿತಿದ್ದರು, ಹೊಲಿಸಿಕೊಳ್ಳುವವರು ಇರಲಿಲ್ಲ. ಕರಡು ಕೊಟ್ಟೆ. ‘ಈಗ ಸಮಯ ಸರಿ ಇಲ್ಲ, ಆಮೇಲೆ ನೋಡೋಣ’ ಅಂದರು. ಒಪ್ಪಂದ ತೆಗೆದು ನೋಡಿದೆ. ವರದಿ, ಡೇಟಾ ಎಲ್ಲವೂ ಅಧ್ಯಯನ ಮಾಡಿಸಿದವರ ಸ್ವತ್ತು, ಅವರ ಅನುಮತಿ ಇಲ್ಲದೆ ಒಂದು ಸಾಲೂ ಹೊರಗೆ ಹೋಗುವಂತಿಲ್ಲ. ಸಹಿ ನನ್ನದೇ. ಕೆಲವು ವರ್ಷದ ಮೇಲೆ ಇನ್ಯಾರೋ ಅಂಥದ್ದೇ ಯೋಜನೆಯನ್ನು ಇನ್ನಷ್ಟು ದೊಡ್ಡದಾಗಿ ಶುರುಮಾಡಿದರು. ಆ ಕರಡು ಈಗಲೂ ನನ್ನ ಹತ್ತಿರ ಇದೆ.

ನಾನೊಬ್ಬನೇ ಅಲ್ಲ. ಬ್ರಿಟನ್ನಿನಲ್ಲಿ ನಿವೃತ್ತ ನ್ಯಾಯಾಧೀಶ ಸ್ಟೀಫನ್ ಸೆಡ್ಲಿ ಅವರು 2016ರಲ್ಲಿ ಇದರ ಮೇಲೇ ಒಂದು ವಿಚಾರಣೆ ನಡೆಸಿದರು. ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ ಸಂಶೋಧನೆ ಎಷ್ಟು ತಡವಾಗುತ್ತದೆ, ಎಷ್ಟು ಮಾಯವಾಗುತ್ತದೆ ಎಂದು. 24 ಇಲಾಖೆಗಳಲ್ಲಿ ನಾಲ್ಕಕ್ಕೆ ಮಾತ್ರ ತಾವು ಮಾಡಿಸಿದ ಸಂಶೋಧನೆಗಳ ಸರಿಯಾದ ಪಟ್ಟಿ ಇತ್ತು. ಬಚ್ಚಿಡುವುದಿರಲಿ, ಏನು ಮಾಡಿಸಿದ್ದೇವೆ ಅನ್ನುವುದೇ ಉಳಿದವರಲ್ಲಿ ಹಲವರಿಗೆ ನೆನಪಿಲ್ಲ.

ಹಾಗಾಗಿ ನೀವು ಮಾಡಿಸುವುದೇ ಆದರೆ ಒಪ್ಪಂದದಲ್ಲಿ ಒಂದು ಷರತ್ತನ್ನು ಮಾತ್ರ ಬಿಟ್ಟುಕೊಡಬೇಡಿ. ಫಲ ಏನೇ ಬರಲಿ, ಇಂಥ ತಾರೀಖಿನೊಳಗೆ ವರದಿ ಪೂರ್ತಿ ಹೊರಗೆ ಬರುತ್ತದೆ ಅಂತ. ಕರಡು ನೋಡಿ ತಪ್ಪು ತಿದ್ದಿಸುವ ಹಕ್ಕು ನಿಮಗಿರಲಿ, ತೀರ್ಮಾನ ಬದಲಿಸುವ ಹಕ್ಕು ಬೇಡ. ಏನನ್ನು ಅಳೆಯುತ್ತೇವೆ, ಹೇಗೆ ಅಳೆಯುತ್ತೇವೆ ಎಂದು ಡೇಟಾ ಕೂಡಿಸುವ ಮುಂಚೆಯೇ ಬರೆದಿಡಲು ಹೇಳಿ. ಕಮಿಟಿಯ ಕೆಲವರಿಗೆ ಇದು ಕಹಿಯಾಗಬಹುದು. ಕೆಟ್ಟ ಫಲ ಬಂದರೆ ಏನು ಗತಿ ಅಂತಾರೆ. ಒಳ್ಳೆಯ ಫಲ ಬಂದಾಗ ಅನುದಾನ ಕೊಡುವವರು ನಂಬಬೇಕಾದರೆ ಕೆಟ್ಟದ್ದೂ ಬರುವ ಅವಕಾಶ ಇತ್ತು ಅಂತ ಅವರಿಗೆ ಕಾಣಬೇಕಲ್ವಾ?

ಅನುಪಾತದ ಹಟವನ್ನೂ ಬಿಡಿ ಅಂತ ನನ್ನ ಸಲಹೆ. ಒಬ್ಬ ಹುಡುಗಿ ಮೊದಲ ಸಂಬಳ ಮನೆಗೆ ತಂದ ದಿನ ಮನೆಯಲ್ಲಿ ಅವಳ ಮಾತಿಗೆ ಬಂದ ತೂಕಕ್ಕೆ ಯಾವ ಬೆಲೆ ಹಚ್ಚುತ್ತೀರಿ? ಹಚ್ಚಿದರೂ ಅದನ್ನು ಒಡೆಯುವುದು ಸುಲಭ. ಅದರ ಬದಲು ‘ನಾವಿಲ್ಲದಿದ್ದರೆ ಸಿಗುತ್ತಿರಲಿಲ್ಲ ಎನ್ನಬಹುದಾದ ಒಂದು ಕೆಲಸಕ್ಕೆ ನಮಗೆ ತಗುಲುವ ಖರ್ಚು ಇಷ್ಟು’ ಎಂದು ಹೇಳಿ. ಬೇರೆ ಯೋಜನೆಗಳ ಜೊತೆ ನೇರವಾಗಿ ಹೋಲಿಸಬಹುದು. ಸಂಬಳ ಎಷ್ಟು, ಎಷ್ಟು ತಿಂಗಳು ನಿಂತರು ಅನ್ನುವುದನ್ನು ಪಕ್ಕದಲ್ಲಿ ಇಡಿ.

‘ನಾವಿಲ್ಲದಿದ್ದರೆ’ ಅನ್ನುವುದನ್ನು ಕಂಡುಹಿಡಿಯುವುದು ಹೇಗೆ? ನೀವು ಪತ್ರದಲ್ಲಿ ಒಂದು ಮಾತನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಸೀಟಿಗಿಂತ ಅರ್ಜಿಗಳೇ ಜಾಸ್ತಿ ಅಂತ. ಅದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮೆಕ್ಸಿಕೊದಲ್ಲಿ 1997ರಲ್ಲಿ ‘ಪ್ರೊಗ್ರೆಸಾ’ ಯೋಜನೆ ಬಂದಾಗಲೂ ಹೀಗೇ ಆಗಿತ್ತು. ಮಕ್ಕಳನ್ನು ಶಾಲೆಗೆ ಕಳಿಸುವ, ಆರೋಗ್ಯ ತಪಾಸಣೆ ಮಾಡಿಸುವ ಬಡ ಕುಟುಂಬಗಳಿಗೆ ನಗದು ಕೊಡುವ ಯೋಜನೆ. ಎಲ್ಲ ಹಳ್ಳಿಗೂ ಒಂದೇ ಸಲ ಕೊಡುವಷ್ಟು ಹಣವಾಗಲಿ ಜನವಾಗಲಿ ಇರಲಿಲ್ಲ. 506 ಹಳ್ಳಿಗಳನ್ನು ಆರಿಸಿಕೊಂಡು ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು, 186ಕ್ಕೆ ಆಮೇಲೆ ಎಂದು ಸರದಿ ಹಾಕಿದರು. ಯಾರಿಗೂ ಮೋಸವಿಲ್ಲ, ಕಾಯಬೇಕು ಅಷ್ಟೇ. ಆ ಕಾಯುವ ಹಳ್ಳಿಗಳೇ ಹೋಲಿಕೆಯ ಗುಂಪಾದವು. ಮೌಲ್ಯಮಾಪನ ಮಾಡಿಸಿದ್ದು ಸರ್ಕಾರವೇ, ಮಾಡಿದ್ದು ಹೊರಗಿನ ಸಂಶೋಧನಾ ಸಂಸ್ಥೆ. 2000ರಲ್ಲಿ ಏಳು ದಶಕ ಆಳಿದ ಪಕ್ಷ ಸೋತು ಹೊಸ ಸರ್ಕಾರ ಬಂತು. ಹಳೆಯ ಸರ್ಕಾರದ ಯೋಜನೆಗಳನ್ನು ಕಿತ್ತು ಹಾಕುವುದು ಅಲ್ಲಿ ವಾಡಿಕೆ. ಇದು ಮಾತ್ರ ಹೆಸರು ಬದಲಿಸಿಕೊಂಡು ಉಳಿಯಿತು, ಬೆಳೆಯಿತು ಕೂಡ. ಕೈಯಲ್ಲಿ ಗಟ್ಟಿ ಪುರಾವೆ ಇದ್ದದ್ದು ಅದಕ್ಕೆ ದೊಡ್ಡ ಆಸರೆಯಾಯಿತು.

ಮೂರು ತಿಂಗಳಲ್ಲಿ ಮುಗಿಯುವ ವರದಿ ನಿಮಗೆ ಬೇಡ. ಆರು ತಿಂಗಳ ತರಬೇತಿ, ಅದರ ಮೇಲೆ ಒಂದು ವರ್ಷವಾದರೂ ಕಳೆದರೆ ತಾನೇ ಕೆಲಸದಲ್ಲಿ ನಿಂತರೋ ಬಿಟ್ಟರೋ ಗೊತ್ತಾಗುವುದು? ವರದಿ ತನ್ನಿ ಎಂದ ಅನುದಾನದವರಿಗೆ ಈಗ ಅದನ್ನೇ ಹೇಳಿ. ಇರುವ ದುಡ್ಡಿನಲ್ಲಿ ಅಂಕಿಅಂಶ ಬಲ್ಲ ಒಬ್ಬರನ್ನು ಕೆಲವು ದಿನಕ್ಕೆ ಹಿಡಿದು ಯೋಜನೆ ಬರೆಸಿ. ಫೋನ್ ಮಾಡಿ ಕೇಳುವ ಕೆಲಸಕ್ಕೆ ನಿಮ್ಮ ಸಿಬ್ಬಂದಿ ಬೇಡ, ಹೊರಗಿನವರಿರಲಿ. ಕಲಿಸಿದ ಮೇಷ್ಟ್ರೇ ಫೋನ್ ಮಾಡಿದರೆ ಎಲ್ಲರೂ ‘ಚೆನ್ನಾಗಿದ್ದೇನೆ ಸಾರ್’ ಅನ್ನುತ್ತಾರೆ. ಮುಂದಿನ ಬ್ಯಾಚಿನಿಂದ, ಅರ್ಹರಾದವರ ಹೆಸರುಗಳನ್ನೆಲ್ಲ ಬರೆದು ಎಲ್ಲರ ಎದುರು ಚೀಟಿ ಎತ್ತಿ. ಶಿಫಾರಸಿನ ತಲೆನೋವೂ ತಪ್ಪುತ್ತದೆ. ಸೀಟು ಸಿಗದವರ ಫೋನ್ ನಂಬರನ್ನೂ, ಮುಂದೆ ವಿಚಾರಿಸಬಹುದು ಎಂಬ ಒಪ್ಪಿಗೆಯನ್ನೂ ಅವತ್ತೇ ತಗೊಳ್ಳಿ.

ಹಳೆಯ ಬ್ಯಾಚುಗಳಲ್ಲಿ ಚೀಟಿ ಎತ್ತಿಲ್ಲ, ಆದ್ದರಿಂದ ಅಲ್ಲಿ ಸೀಟು ಸಿಕ್ಕವರನ್ನು ಸಿಗದವರ ಜೊತೆ ಹೋಲಿಸಿದರೆ ಅದು ಅಷ್ಟು ಶುದ್ಧವಲ್ಲ. ನೀವು ಚುರುಕಾದವರನ್ನೇ ಆರಿಸಿಕೊಂಡಿರಬಹುದು. ಆದರೂ ವಯಸ್ಸು, ಓದು, ಮನೆಯ ಸ್ಥಿತಿ ನೋಡಿ ಜೋಡಿ ಮಾಡಿದರೆ ಒಂದು ಅಂದಾಜು ಸಿಗುತ್ತದೆ. ಕಂಪನಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಹೋದ ಮೂರ್ನಾಲ್ಕು ಬ್ಯಾಚುಗಳಲ್ಲಿ ಸೀಟು ಸಿಗದೆ ವಾಪಸ್ ಹೋದವರ ಅರ್ಜಿಗಳು ಇನ್ನೂ ಬೀರುವಿನಲ್ಲಿವೆಯಾ, ಇಲ್ಲಾ ರದ್ದಿಗೆ ಹೋದವಾ, ನೋಡಿ ತಿಳಿಸಿ.